ಖಾಲಿ ಬಿಡಬಾರದ ಪೀಪಾಯಿಗಳು

ನಮ್ಮಲ್ಲಿಗೆ ವೈನ್ ಕೊಳ್ಳಲು ಬಂದವರು ಇದೆಲ್ಲ ಹೇಗೆ ಶುರುವಾಯಿತೆಂದು ಕೇಳಿದರೆ ನನ್ನ ಗಂಡ ಎದೆಯುಬ್ಬಿಸಿ, "ಮೊದಲಿಂದ್ಲೂ ನಂದು ಇದೇ ಕನಸು" ಎನ್ನುತ್ತಾನೆ. ಶುದ್ಧ ಸುಳ್ಳು. ಶುರುವಾದ ದಿನ ಅವನು ಗರಗಸ ಹಿಡಿದು ನಿಂತಿದ್ದ.

ನನ್ನ ಮಾವ ಮರದ ಪೀಪಾಯಿ ಮಾಡುವವರು. ಹಲಗೆಗಳನ್ನು ಬೆಂಕಿಯ ಕಾವಿಗೆ ಬಗ್ಗಿಸಿ, ಕಬ್ಬಿಣದ ಬಳೆ ತೊಡಿಸಿ, ಸುತ್ತಿಗೆಯಿಂದ ಬಡಿದು ಕೂರಿಸುವುದು ಅವರ ಕಸುಬು. ವೈನ್ ಮಾಡುವ ದೊಡ್ಡ ಕಂಪನಿಯೊಂದಕ್ಕೆ ಜೀವಮಾನವಿಡೀ ಪೀಪಾಯಿ ಮಾಡಿಕೊಟ್ಟರು. ಅಡುಗೆಮನೆಗೂ ಅವರ ಕೆಲಸದ ಶೆಡ್ಡಿಗೂ ನಡುವೆ ಒಂದು ಗಾಜಿನ ಕಿಟಕಿ. "ಇವರ ಕುಟ್ಟಾಟಕ್ಕೆ ತಲೆ ಚಿಟ್ಟು ಹಿಡೀತು" ಎಂದು ಗೊಣಗುತ್ತ ಅತ್ತೆ ಅದನ್ನು ಸದಾ ಮುಚ್ಚಿಡುತ್ತಿದ್ದರು.

ಒಂದು ದಿನ ಕಂಪನಿಯವರು ಉಕ್ಕಿನ ಟ್ಯಾಂಕು ತರಿಸಿಕೊಂಡರು. ಇನ್ನು ಪೀಪಾಯಿ ಬೇಡ ಎಂದು ಫೋನಿನಲ್ಲೇ ಮುಗಿಸಿದರು. ಮಾವ ಸುತ್ತಿಗೆಯನ್ನು ಗೋಡೆಯ ಮೊಳೆಗೆ ನೇತುಹಾಕಿ, ಬಾಯಿಗೂ ಬೀಗ ಹಾಕಿಕೊಂಡರು. ಊಟಕ್ಕೆ ಕರೆದರೆ ಬರುತ್ತಿದ್ದರು, ಬಡಿಸಿದ್ದನ್ನು ತಿಂದು ಎದ್ದು ಹೋಗುತ್ತಿದ್ದರು. ಉಳಿದಿದ್ದ ನಾಲ್ಕು ಪೀಪಾಯಿಗಳ ಮುಂದೆ ಸ್ಟೂಲು ಹಾಕಿಕೊಂಡು ಕೂರುವುದೇ ದಿನಚರಿ. ಪೀಪಾಯಿ ಖಾಲಿ ಬಿಟ್ಟರೆ ಮರ ಒಣಗಿ ಕುಗ್ಗುತ್ತದೆ, ಬಳೆ ಸಡಿಲಾಗಿ ಹಲಗೆ ಕಳಚಿಕೊಳ್ಳುತ್ತದೆ. ಅದಕ್ಕೇ ನೀರು ತುಂಬುವುದು, ನಾರಿದರೆ ಚೆಲ್ಲುವುದು, ಮತ್ತೆ ತುಂಬುವುದು.

"ಅರ್ಧಕ್ಕೆ ಕೊಯ್ದು ಕೊಟ್ರೆ ಹೂವಿನ ಕುಂಡಕ್ಕೆ ತಗೋತಾರಂತೆ" ಎಂದು ನನ್ನ ಗಂಡ ಗರಗಸ ತಂದ. ಕೆಟ್ಟ ಮನಸ್ಸಿನಿಂದಲ್ಲ. ಅಪ್ಪ ಆ ಸ್ಟೂಲಿನಿಂದ ಎದ್ದರೆ ಸಾಕಾಗಿತ್ತು ಅವನಿಗೆ. ಮಾವ ಬೇಡವೆನ್ನಲಿಲ್ಲ. ಸ್ಟೂಲು ಪಕ್ಕಕ್ಕೆಳೆದು ದಾರಿ ಬಿಟ್ಟರು.

ಕಿಟಕಿಯ ಗಾಜಿನಿಂದ ಅದನ್ನು ಕಂಡ ಅತ್ತೆ ಸೌಟು ಹಿಡಿದುಕೊಂಡೇ ಓಡಿ ಬಂದರು.

"ಗರಗಸ ಕೆಳಗಿಡೋ! ಅಪ್ಪ ಬೇಡ ಅಂತ ಕೂಡ ಅನ್ನಲಿಲ್ಲ, ನಿಂಗೆ ಭಯ ಆಗಲ್ವಾ? ನೀರು ಕೆಡುತ್ತೆ ತಾನೆ? ಕೆಡದೇ ಇರೋದನ್ನ ತುಂಬಿದ್ರಾಯ್ತು."

ವೈನ್ ಮಾಡುವ ಬಗ್ಗೆ ನನಗೆ ಗೊತ್ತಿದ್ದದ್ದು ಸೊನ್ನೆ, ಅತ್ತೆಗೆ ಅದಕ್ಕಿಂತ ಕಡಿಮೆ. ಹಣ್ಣಿನಂಗಡಿಯವನಲ್ಲಿ ಗೊಂಚಲಿನಿಂದ ಉದುರಿದ ದ್ರಾಕ್ಷಿಯನ್ನೆಲ್ಲ ಹೊತ್ತು ತಂದೆವು. ಮನೆಯ ಟಬ್ಬು, ಬಕೆಟ್ಟು ಯಾವುದನ್ನೂ ಬಿಡದೆ ಹಿಸುಕಿದ್ದೇ ಹಿಸುಕಿದ್ದು. ಬಟ್ಟೆಯಲ್ಲಿ ಸೋಸಿ ಒಂದು ಪೀಪಾಯಿ ತುಂಬಿಸುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ನನ್ನ ಗಂಡ ವಾರವಿಡೀ ನೇರಳೆ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಆಫೀಸಿಗೆ ಹೋದ.

ಆಮೇಲೆ ಪೀಪಾಯಿಯೊಳಗೆ ಗುಜುಗುಜು ಶುರುವಾಯಿತು. ಬಾಯಿಂದ ನೊರೆಯುಕ್ಕಿತು. ಅತ್ತೆ ಗಾಬರಿಯಾಗಿ ಬಿರಡೆ ಜಡಿಯಲು ಹೊರಟರು.

"ಬಿಗಿಯಬೇಡ್ವೇ! ಗಾಳಿ ಹೋಗ್ಲಿ. ಹಲಗೆ ತಡೆಯಲ್ಲ."

ಮಾವನ ದನಿ! ಅದನ್ನು ಕೇಳಿ ಅದೆಷ್ಟು ಕಾಲವಾಗಿತ್ತೋ. ಅವರು ಪೀಪಾಯಿಗೆ ಕಿವಿಯಿಟ್ಟು ಬಹಳ ಹೊತ್ತು ಹಾಗೇ ನಿಂತರು.

"ಒಳಗೆ ಹೀಗೆ ಸದ್ದು ಮಾಡುತ್ತಾ?" ಎಂದರು.

ಆಗ ನನಗೆ ಹೊಳೆಯಿತು. ಅವರು ಕಂಪನಿಗೆ ಕಳಿಸಿದ್ದೆಲ್ಲ ಖಾಲಿ ಪೀಪಾಯಿಗಳೇ. ವೈನ್ ತುಂಬಿದ ಪೀಪಾಯಿಯನ್ನು ಅವರು ಯಾವತ್ತೂ ಕಂಡಿರಲಿಲ್ಲ. ನನಗೆ ಅಳು ಬಂದುಬಿಟ್ಟಿತು.

ಕೆಲವು ತಿಂಗಳಾದ ಮೇಲೆ ಎಲ್ಲರ ಎದುರು ಮೊದಲ ಲೋಟ ಅವರಿಗೇ ಕೊಟ್ಟೆವು. ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಹುಳಿ."

ಇನ್ನು ಇವರು ಮತ್ತೆ ಸ್ಟೂಲಿಗೇ ಹೋದರೆ?

ಮಾವ ಇನ್ನೊಂದು ಗುಟುಕು ಕುಡಿದರು. "ಪೀಪಾಯಿದೇನೂ ತಪ್ಪಿಲ್ಲ, ನಿಮ್ಮ ದ್ರಾಕ್ಷಿದೇ ತಪ್ಪು. ಮುಂದಿನ ಸಲ ಒಳ್ಳೆ ಹಣ್ಣು ತನ್ನಿ, ಜಾಸ್ತಿ ತನ್ನಿ." ಲೋಟ ಕೆಳಗಿಟ್ಟು ಎದ್ದರು. "ಆಗ ಈ ನಾಲ್ಕು ಎಲ್ಲಿ ಸಾಲುತ್ತೆ?"

ಶೆಡ್ಡಿಗೆ ಹೋಗಿ ಮೊಳೆಯಿಂದ ಸುತ್ತಿಗೆ ಇಳಿಸಿದರು. ಸ್ವಲ್ಪ ಹೊತ್ತಿಗೆ ಕಬ್ಬಿಣದ ಬಳೆಯ ಮೇಲೆ ಠಣ್ ಠಣ್ ಎಂದು ಏಟು ಬೀಳತೊಡಗಿತು.

"ಶುರು ಹಚ್ಕೊಂಡ್ರು ನೋಡು" ಎಂದು ಗೊಣಗುತ್ತ ಅತ್ತೆ ಅಡುಗೆಮನೆಗೆ ಹೋದರು. ಮುಂಗೈಯಿಂದ ಕಣ್ಣೊರೆಸಿಕೊಂಡು, ತುಕ್ಕು ಹಿಡಿದ ಚಿಲಕ ಎಳೆದು, ಕಿಟಕಿಯನ್ನು ಪೂರ್ತಿ ತೆರೆದಿಟ್ಟರು.