ವಾಚ್ ಮಾಮನ ಒಣಕೆಮ್ಮು

ಬೆಳಿಗ್ಗೆ ಹತ್ತೂವರೆಗೆ ವಾಚ್ ಮಾಮನಿಗೆ ಕೆಮ್ಮು ಬಂತು. ಮೇಜಿನ ಮೇಲಿದ್ದ ಸ್ಕ್ರೂ ಹಾರಿಹೋಯಿತು. ಸಾಸಿವೆ ಕಾಳಿಗಿಂತ ಸಣ್ಣದು. ಮಾಮ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದಿಟ್ಟು, ಮಂಡಿಯೂರಿ ಹುಡುಕಿದರು. ಹುಡುಕುವಾಗಲೂ ಕೆಮ್ಮಿದರು.

ವಾಚು ಕೊಡಲು ಬಂದಿದ್ದ ಗಿರಾಕಿ ಒಂದು ಹೆಜ್ಜೆ ಹಿಂದೆ ಸರಿದ. "ಕೆಮ್ಮು ಜೋರಾಗಿದೆಯಲ್ಲ ಮಾಮ."

"ಧೂಳು ಕಣಪ್ಪ. ಹಳೇ ಗಡಿಯಾರ ಬಿಚ್ಚಿದ್ರೆ ಇನ್ನೇನು ಬರುತ್ತೆ, ಸೆಂಟಿನ ವಾಸನೆನಾ?"

ಕೆಮ್ಮು ಶುರುವಾಗಿ ಒಂದು ತಿಂಗಳು ದಾಟಿತ್ತು. ಮಾಮ ಮೊದಲು ಹವೆಯನ್ನು ದೂರಿದರು, ಆಮೇಲೆ ಪಕ್ಕದ ಮನೆಯ ಬಣ್ಣದ ವಾಸನೆಯನ್ನು, ಈಗ ಧೂಳನ್ನು. ಔಷಧಿ ಅಂಗಡಿಯಿಂದ ತಾವೇ ಸಿರಪ್ ತಂದು ಕುಡಿಯುತ್ತಿದ್ದರು. ಅದನ್ನು ಕುಡಿದರೆ ತೂಕಡಿಕೆ ಬರುತ್ತಿತ್ತು, ಕೆಮ್ಮು ಹೋಗುತ್ತಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ನಡುವೆ ಒಂದು ಪರದೆ. ಪರದೆಯ ಆಚೆ ಮಗಳು, ಹೋದ ತಿಂಗಳು ಹುಟ್ಟಿದ ಮೊಮ್ಮಗಳು. ಆ ಮಗುವನ್ನು ಮಾಮ ಇನ್ನೂ ಒಂದು ಸಲವೂ ಎತ್ತಿಕೊಂಡಿರಲಿಲ್ಲ. ಕೇಳಿದರೆ "ಕೈಯೆಲ್ಲ ಎಣ್ಣೆ" ಎನ್ನುತ್ತಿದ್ದರು.

ಅಂದು ಮಧ್ಯಾಹ್ನ ಮಗುವಿನ ತೂಕ ನೋಡಲು ನರ್ಸಮ್ಮ ಬಂದಳು. ಅದೇ ಬೀದಿಯವಳು. ತಕ್ಕಡಿಯಲ್ಲಿ ಮಲಗಿಸಿದ ಕೂಡಲೇ ಮಗು ಸೀನಿತು. ಮಾಮನ ಹೆಂಡತಿ, ಮಗುವಿನ ಅಜ್ಜಿ, ಎದ್ದು ಗೂಡಿನಿಂದ ಸಿರಪ್ಪಿನ ಬಾಟಲಿ ತೆಗೆದರು. "ನಮ್ಮೋರದ್ದು ಅರ್ಧ ಉಳಿದಿದೆ. ಒಂದೇ ಹನಿ ನಾಲಗೆಗೆ ಹಚ್ಚಲಾ?"

"ಬೇಡ ಅತ್ತೆ. ದೊಡ್ಡೋರ ಸಿರಪ್ಪು ಮಗುವಿನ ಉಸಿರಾಟಕ್ಕೇ ತೊಂದರೆ ಮಾಡಬಹುದು. ಒಂದು ವರ್ಷ ತುಂಬೋವರೆಗೆ ಜೇನುತುಪ್ಪವೂ ಬೇಡ. ಸೀನಿದ್ದಾಳೆ, ಅಷ್ಟೇ. ಎದೆಹಾಲು ಸಾಕು. ಬೇಗ ಬೇಗ ಉಸಿರಾಡಿದ್ರೆ, ಪಕ್ಕೆ ಒಳಗೆ ಸೆಳೆದ್ರೆ, ಹಾಲು ಕುಡಿಯೋದು ಬಿಟ್ರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ." ನರ್ಸಮ್ಮ ಬಾಟಲಿ ತಿರುಗಿಸಿ ನೋಡಿದಳು. "ಇದನ್ನ ಯಾರು ಬರೆದುಕೊಟ್ರು?"

ಪರದೆಯ ಆಚೆಯಿಂದ ಕೆಮ್ಮು ಕೇಳಿಸಿತು.

"ಸಿಕ್ಕಿಬಿದ್ರು" ಎಂದರು ಅಜ್ಜಿ.

ನರ್ಸಮ್ಮ ಕರೆದಾಗ ಮಾಮ ಬಂದರು. ಒಳಗೆ ಬರಲಿಲ್ಲ, ಪರದೆ ಹಿಡಿದು ಬಾಗಿಲಲ್ಲೇ ನಿಂತರು. "ಸಾಮಾನ್ಯ ಕೆಮ್ಮಮ್ಮ. ನಂಗೇನಾಗಿದೆ, ಗುಂಡುಕಲ್ಲು ಇದ್ದ ಹಾಗಿದ್ದೀನಿ."

"ಹಾಗಾದ್ರೆ ಬಂದು ಇವಳನ್ನ ಎತ್ಕೊ ಅಪ್ಪ" ಎಂದಳು ಮಗಳು.

"ಕೈಯೆಲ್ಲ..."

"ಸೋಪಿದೆ. ತಿಂಗಳಿಂದ ಅದೇ ಮಾತು. ಹೆಣ್ಣು ಅಂತ ತಾನೇ?"

ಮಾಮ ಪರದೆಯ ಅಂಚನ್ನು ಮಡಿಸಿದರು, ಬಿಚ್ಚಿದರು. "ಹಾಗಲ್ಲ ಕಣೆ. ಇದು ಟಿಬಿ ಆಗಿದ್ರೆ? ಕೂಸಿಗೆ ಅಂಟಿಬಿಟ್ರೆ?"

"ಹಾಗನ್ನಿಸಿದ್ರೆ ತೋರಿಸ್ಕೊಬೇಕಿತ್ತು ತಾನೇ?" ಎಂದರು ಅಜ್ಜಿ.

"ತೋರಿಸಿ ಹೌದು ಅಂದ್ಬಿಟ್ರೆ?"

ನರ್ಸಮ್ಮ ಮಗುವನ್ನು ತಾಯಿಯ ಕೈಗೆ ಕೊಟ್ಟು ಕಿಟಕಿ ತೆರೆದಳು. "ಮಾಮ, ಬೇಡದ ಹೊತ್ತಲ್ಲಿ ಅಲಾರಂ ಹೊಡೆಯೋ ಗಡಿಯಾರ ತಂದುಕೊಟ್ರೆ ಏನು ಮಾಡ್ತೀರಿ? ಹಾಸಿಗೆ ಕೆಳಗೆ ತುರುಕಿ ಸದ್ದು ಅಡಗಿಸ್ತೀರಾ?"

"ಬಿಚ್ಚಿ ನೋಡ್ತೀನಿ."

"ಈ ಸಿರಪ್ಪು ಹಾಸಿಗೆ ಇದ್ದ ಹಾಗೆ. ಕೆಮ್ಮೇ ಒಂದು ರೋಗ ಅಲ್ಲ. ಶ್ವಾಸನಾಳಕ್ಕೆ ಧೂಳು, ಹೊಗೆ, ಕಫ, ಏನು ತೊಂದರೆ ಕೊಟ್ರೂ ದೇಹ ಅದನ್ನ ಹೊರಗೆ ತಳ್ಳೋಕೆ ಕೆಮ್ಮುತ್ತೆ. ನೆಗಡಿ ಕೆಮ್ಮಾದ್ರೆ ಸಾಮಾನ್ಯವಾಗಿ ತಾನಾಗಿ ಇಳಿಯುತ್ತೆ. ಬಿಸಿನೀರು, ವಿಶ್ರಾಂತಿ ಸಾಕು. ಎರಡು ವಾರ ದಾಟಿದ್ರೆ ಕಾರಣ ಹುಡುಕಬೇಕು. ಟಿಬಿ ಇರಬಹುದು, ಅಸ್ತಮಾ ಇರಬಹುದು, ಹೊಟ್ಟೆಯ ಹುಳಿ ಮೇಲೆ ಬರ್ತಿರಬಹುದು. ಯಾವುದು ಅಂತ ನಾನು ಇಲ್ಲಿ ನಿಂತು ಹೇಳೋಕಾಗಲ್ಲ."

"ಟಿಬಿನೇ ಆಗಿದ್ರೆ?"

"ಔಷಧಿ ಇದೆ. ಹೇಳಿದಷ್ಟು ದಿನ ಬಿಡದೆ ತಗೊಂಡ್ರೆ ವಾಸಿಯಾಗುತ್ತೆ. ಪರೀಕ್ಷೆ ಮಾಡಿಸದೆ ಪರದೆ ಹಿಂದೆ ಕೂತ್ಕೊಂಡ್ರೆ ಕೂಸಿಗೆ ರಕ್ಷಣೆ ಆಗಲ್ಲ. ಗಾಳಿಗೆ ಪರದೆ ಯಾವ ಲೆಕ್ಕ? ನಾಳೆ ಬನ್ನಿ. ಅಲ್ಲಿವರೆಗೆ ಮಾಸ್ಕ್ ಹಾಕ್ಕೊಳ್ಳಿ, ಕಿಟಕಿ ತೆಗೆದಿರಿ. ಕೆಮ್ಮುವಾಗ ಅಂಗೈ ಅಡ್ಡ ಹಿಡೀಬೇಡಿ. ಅದೇ ಕೈಯಲ್ಲಿ ಗಿರಾಕಿಗೆ ವಾಚು ಕೊಡ್ತೀರಿ. ಮೊಣಕೈ ಮಡಚಿ ಅದರಲ್ಲಿ ಕೆಮ್ಮಿ."

ಮರುದಿನ ಮಾಮ ಹೆಂಡತಿಯೊಂದಿಗೆ ಸರ್ಕಾರಿ ಆಸ್ಪತ್ರೆಗೆ ಹೋದರು. ಕಫ ಕೊಟ್ಟರು, ಎಕ್ಸ್‌ರೇ ತೆಗೆಸಿದರು. ಎರಡರಲ್ಲೂ ಟಿಬಿಯ ಸುಳಿವು ಇರಲಿಲ್ಲ. ಫಲಿತಾಂಶ ಕೇಳಿದ ಮಾಮ ಚೀಲ ಹೆಗಲಿಗೇರಿಸಿ ಎದ್ದೇಬಿಟ್ಟರು.

"ಕೂತ್ಕೊಳ್ಳಿ ಯಜಮಾನ್ರೇ, ಕೆಮ್ಮು ಇನ್ನೂ ಇದೆಯಲ್ಲ" ಎಂದರು ಡಾಕ್ಟರಮ್ಮ. "ಬೀಡಿ, ಸಿಗರೇಟು?"

"ಇಲ್ಲ."

"ಯಾವುದಾದ್ರೂ ಔಷಧಿ ತಗೋತಿದ್ದೀರಾ?"

"ಸಿರಪ್ಪು ಬಿಟ್ರೆ ಏನೂ ಇಲ್ಲ."

"ಬಿಪಿ ಮಾತ್ರೆ ಹೇಳ್ರಿ" ಎಂದರು ಹೆಂಡತಿ.

"ಅದು ಔಷಧಿ ಅಲ್ಲ ಕಣೆ, ದಿನಾ ತಗೊಳ್ಳೋದು."

ಡಾಕ್ಟರಮ್ಮ ನಗಲಿಲ್ಲ. ಇಂಥ ಉತ್ತರ ಅವರಿಗೆ ಹೊಸದಲ್ಲ. ದಿನವೂ ನುಂಗುವ ಮಾತ್ರೆಯನ್ನು ಜನ ಹಲ್ಲುಜ್ಜುವುದರ ಜೊತೆ ಸೇರಿಸಿಬಿಡುತ್ತಾರೆ. ಅವರು ಮಾತ್ರೆಯ ಸ್ಟ್ರಿಪ್ ಕೇಳಿದರು. ಅದು ಅಜ್ಜಿಯ ಚೀಲದಲ್ಲೇ ಇತ್ತು. ಮಾಮ ಅದನ್ನು ಶುರುಮಾಡಿದ್ದು ಕೆಮ್ಮು ಬರುವುದಕ್ಕೆ ಸ್ವಲ್ಪ ಮೊದಲು.

"ಬಿಪಿಗೆ ಕೊಡೋ ಒಂದು ಬಗೆಯ ಮಾತ್ರೆ ಕೆಲವರಿಗೆ ಒಣಕೆಮ್ಮು ತರುತ್ತೆ. ಎಲ್ಲರಿಗೂ ಅಲ್ಲ. ಇದು ಆ ಬಗೆಯದ್ದೇ."

"ಹಾಗಾದ್ರೆ ಇವತ್ತಿಂದಲೇ ಬಿಟ್ಬಿಡ್ತೀನಿ."

"ಬಿಡಬಾರದು. ಬಿಪಿ ಏರಿದ್ರೆ ಕೆಮ್ಮಿಗಿಂತ ದೊಡ್ಡ ಅಪಾಯ. ಬದಲಿ ಮಾತ್ರೆ ಬರೀತೀನಿ, ನಾಳೆಯಿಂದ ಅದು. ಕೆಮ್ಮು ಒಂದೇ ದಿನಕ್ಕೆ ನಿಲ್ಲಲ್ಲ, ಕೆಲವು ವಾರ ಬೇಕಾಗಬಹುದು. ಹದಿನೈದು ದಿನಕ್ಕೆ ಬಂದು ಬಿಪಿ ತೋರಿಸಿ."

ಹೊರಗೆ ಬಂದಾಗ ಮಾಮ ಹೆಂಡತಿಗೆ ಹೇಳಿದರು: "ಧೂಳು ಅಂತ ಸುಮ್ಮನೆ ಗಡಿಯಾರಗಳನ್ನ ಬೈದೆ."

"ನನ್ನನ್ನೂ ಬೈದ್ರಿ. ಒಗ್ಗರಣೆ ಘಾಟು ಅಂತ" ಎಂದರು ಅಜ್ಜಿ.

ನಿಮ್ಮ ಮನೆಯಲ್ಲೂ ಯಾರಾದರೂ ಕೆಮ್ಮುತ್ತಿರಬಹುದು. ಎರಡು ವಾರ ದಾಟಿದ್ದರೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಫದಲ್ಲಿ ರಕ್ತ, ಉಸಿರಾಟದ ತೊಂದರೆ ಅಥವಾ ಎದೆನೋವು ಇದ್ದರೆ ಅಷ್ಟು ದಿನವೂ ಕಾಯಬೇಡಿ. ಬಿಡದ ಜ್ವರವಿದ್ದರೆ, ತೂಕ ಇಳಿಯುತ್ತಿದ್ದರೆ ಅದನ್ನೂ ಬೇಗ ತೋರಿಸಿ. ಒಬ್ಬರಿಗೆ ಕೊಟ್ಟ ಔಷಧಿಯನ್ನು ಇನ್ನೊಬ್ಬರಿಗೆ ಕುಡಿಸಬೇಡಿ. ಡಾಕ್ಟರ ಮುಂದೆ ಕೂತಾಗ ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು ಹೇಳಿ. ಹೆಸರು ಗೊತ್ತಿಲ್ಲದಿದ್ದರೆ ಮಾತ್ರೆಯ ಸ್ಟ್ರಿಪ್ಪನ್ನೇ ತೋರಿಸಿ. ಆದರೆ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ.

ಮಾತ್ರೆ ಬದಲಾದ ಮೂರನೆಯ ವಾರ ವಾಚ್ ಮಾಮನ ಕೆಮ್ಮು ನಿಂತಿತು. ಆದರೆ ಅವರು ಅಷ್ಟು ದಿನ ಕಾದಿರಲಿಲ್ಲ. ಟಿಬಿ ಇಲ್ಲವೆಂದು ಗೊತ್ತಾದ ದಿನವೇ ಮನೆಗೆ ಬಂದವರೇ ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದು, ಮೊಮ್ಮಗಳನ್ನು ಎತ್ತಿಕೊಂಡರು. ಅವಳು ಅವರ ಅಂಗಿಯ ಮೇಲೆ ಹಾಲು ಕಕ್ಕಿದಳು.