ಉಪ್ಪು ಹಾಕಿದ ಬಣವೆ

ಕೋಮಲಾ ಕಟ್ಟಿದ ಆಟಿಕೆಯ ಅಜ್ಜಂಪುರ ಸ್ಟೇಷನ್ನಿನಲ್ಲಿ ಮೋಟಾರು ಮುಚ್ಚಿಡಲು ಜಾಗ ಇರಲಿಲ್ಲ. ಅದರ ಹಲಗೆಯನ್ನು ಹಳೇ ಮಂಚದ ಮೇಲೆ ಹಾಸಿದ್ದಳು. ಅಡಿಯಲ್ಲಿ ಬೆರಳೂ ತೂರುತ್ತಿರಲಿಲ್ಲ. ಆಟಿಕೆ ರೈಲಿನ ಹಳಿ ಬದಲಿಸುವ ಮೋಟಾರು, ಗುಜರಿ ಕಾರಿನ ವೈಪರಿನದು, ಪುಟಾಣಿ ಪ್ಲಾಟ್‌ಫಾರ್ಮಿನ ಪಕ್ಕ ಎದ್ದು ಕೂತಿತ್ತು.

"ಸ್ಟೇಷನ್ನಿಗಿಂತ ಈ ಮೋಟ್ರು ಹಂಡೆನೇ ದೊಡ್ದಾಯ್ತಲ್ಲವ್ವ," ಎಂದ ಅಪ್ಪ ಬೀರಪ್ಪ. "ನಾಳೆ ತೋಟದಿಂದ ಕಾಯಿ ಬತ್ತವೆ. ಈ ರೂಮು ಖಾಲಿ ಮಾಡು."

ಕಡೂರಿನ ಅಂಗಡಿಯಲ್ಲಿ ಪಂಪ್‌ಸೆಟ್ಟಿಗೆ ತಂತಿ ಸುತ್ತುವವಳು ಅಷ್ಟಕ್ಕೆಲ್ಲ ಬಗ್ಗುತ್ತಾಳೆಯೇ? "ಮೋಟ್ರು ಜಾಗ ಬದಲಾಯಿಸ್ತೀನಿ. ಸಂಜೆ ಬಂದು ಎಲ್ಲೈತೆ ಅಂತ ತೋರ್ಸಪ್ಪ. ತೋರ್ಸಿದ್ರೆ ರೂಮು ನಿಂದು. ಇಲ್ಲಾಂದ್ರೆ ಕಾಯಿ ಅಟ್ಟಕ್ಕೆ!"

ಮೋಟಾರನ್ನು ಕಿತ್ತು, ಹಲಗೆಯ ಮೇಲೆ ಸಿಗ್ನಲ್ಲಿನಾಚೆಯ ಆಟಿಕೆ ಹೊಲದಲ್ಲಿ ಕೂರಿಸಿ, ತೆಂಗಿನ ನಾರು ಹೊದಿಸಿ ಬಣವೆ ಮಾಡಿದಳು. ಅಜ್ಜಿ ಕೆಂಚಮ್ಮ ಬಗ್ಗಿ ನೋಡಿದಳು.

"ಇದೇನೇ, ಮುಳ್ಳಂದಿ ಮಲಗ್ದಂಗೈತೆ? ಸರಿ ಅತ್ಲಾಗೆ."

ಅಜ್ಜಿ ರಾಗಿಹುಲ್ಲು ತಂದು, ಬೆರಳುದ್ದ ಕತ್ತರಿಸಿ, ಮೋಟಾರಿನ ಸುತ್ತ ಪದರ ಪದರವಾಗಿ ಒಟ್ಟಿದಳು. ಪದರಕ್ಕೊಂದು ಚಿಟಿಕೆ ಉಪ್ಪು.

"ಇದಕ್ಕೂ ಉಪ್ಪಾ? ಯಾರಜ್ಜಿ ತಿಂತಾರೆ ಇದ್ನ?"

"ಉಪ್ಪಿದ್ರೇ ದನ ಆಸೆಯಿಂದ ಮೇಯೋದು. ಉಪ್ಪಿಲ್ದೆ ಬಣವೆ ಒಟ್ಟಿ ನಂಗೆ ಅಭ್ಯಾಸ ಇಲ್ಲ ಕಣೇ."

ಸಂಜೆ ಬೀರಪ್ಪ ಮಂಚದ ಮುಂದೆ ಕುಕ್ಕರಗಾಲಲ್ಲಿ ಕೂತ. ರೈಲು ಹೊರಟಿತು, ಹಳಿ ತಾನಾಗಿ ಸರಿಯಿತು. ಅವನು ಸ್ಟೇಷನ್ನಿನ ಮಾಡು ಎತ್ತಿದ, ನೀರಿನ ಟ್ಯಾಂಕು ಕುಟ್ಟಿದ, ಸುರಂಗಕ್ಕೆ ಕಣ್ಣಿಟ್ಟ. "ಇನ್ನೊಂದ್ಸಲ ಬಿಡು" ಎಂದ. ಐದನೇ ಸಲಕ್ಕೆ ಮೋಟಾರು ಹುಡುಕುವುದನ್ನೇ ಮರೆತು, ತಿರುವು ಬಂದಾಗೆಲ್ಲ ಬಾಯಲ್ಲೇ ಸೀಟಿ ಹೊಡೆಯತೊಡಗಿದ.

ಬಾಗಿಲು ಹಾಕಿರಲಿಲ್ಲ. ಕೊಟ್ಟಿಗೆಯಲ್ಲಿ ಹಗ್ಗ ಬಿಚ್ಚಿಕೊಂಡ ಕರು ಒಳಗೆ ಬಂದು, ಯಾರನ್ನೂ ಕೇಳದೆ, ನೆಟ್ಟಗೆ ಬಣವೆಗೇ ಬಾಯಿ ಹಾಕಿತು. ಕೋಮಲಾ ಸ್ವಿಚ್ಚು ಆರಿಸಿ ಕೊರಳು ಹಿಡಿದೆಳೆಯುವಷ್ಟರಲ್ಲಿ ಜೊಲ್ಲು ಮೆತ್ತಿದ ಮೋಟಾರು ಬತ್ತಲೆ ನಿಂತಿತ್ತು.

"ಅಗೋ ಮೋಟ್ರು!" ಬೀರಪ್ಪ ಎದ್ದು ನಿಂತ. ಕೋಮಲಾಳ ಮುಖ ಇಳಿಯಿತು.

"ಕಂಡ್ಹಿಡ್ದಿದ್ದು ಕರ. ನೀನಲ್ಲ ಕಣ್ಲಾ," ಎಂದಳು ಕೆಂಚಮ್ಮ.

ಬೀರಪ್ಪ ತಾಯಿಯನ್ನು ನೋಡಿದ, ಇನ್ನೂ ಮೆಲ್ಲುತ್ತಿದ್ದ ಕರುವನ್ನು ನೋಡಿದ. ಆಮೇಲೆ ನಗು ತಡೆಯಲಾಗದೆ ಗೋಡೆಗೆ ಒರಗಿದ. "ಕಾಯಿ ಅಟ್ಟಕ್ಕೇ ಹೋಗ್ಲಿ ಬಿಡವ್ವ. ಎಲ್ಲಿ, ಇನ್ನೊಂದ್ಸಲ ಬಿಡು."

ರೈಲು ಹೊರಟಿತು. ಕರುವಿನ ಬಾಯಿಗೆ ಹೋಗಿದ್ದು ಒಂದು ಬಣವೆ, ತುಂಬೆ ಕಡ್ಡಿಯ ಮೂರು ಮರ, ಅರ್ಧ ಸಿಗ್ನಲ್ ಕಂಬ.