ಜೋಡಿ ಖಾಂಗಾ ಒಣಗುವ ಹೊತ್ತು

ದೊಡ್ಡ ಸರೋವರದ ನಡುವಿನ ಉಕೆರೆವೆ ದ್ವೀಪದ ಶಾಲೆಗೆ ಲಿಯೊಕಾಡಿಯಾ ಟೀಚರಾಗಿ ಬಂದು ವರ್ಷ ಕಳೆದಿದ್ದರೂ ಕೆಲಸ ಖಾಯಂ ಆಗಿರಲಿಲ್ಲ. ಇವತ್ತು ಅವಳ ಪಾಠ ನೋಡಲು ಇನ್‌ಸ್ಪೆಕ್ಟರ್ ಮಗೇಸ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ದೋಣಿಯ ಕುಲುಕಾಟಕ್ಕೆ ಅವರ ಮುಖ ಬಾಡಿತ್ತು. ಅವರು ಒಪ್ಪಿದರೆ ಕೆಲಸ ಖಾಯಂ, ಇಲ್ಲವಾದರೆ ಗಂಟುಮೂಟೆ ಕಟ್ಟುವುದೇ.

ಮೊದಲು ವಸ್ತು, ಆಮೇಲೆ ಮಾತು. ಮಕ್ಕಳ ಆಸಕ್ತಿ ಎಲ್ಲಿದೆಯೋ ಪಾಠ ಅಲ್ಲಿಂದಲೇ ಹೊರಡಬೇಕು. ತರಬೇತಿ ಕಾಲೇಜಿನ ಈ ಮಾತನ್ನು ಅವಳು ಮಂತ್ರದಂತೆ ನಂಬಿದ್ದಳು. ಸರೋವರದ ದಡದ ಮಕ್ಕಳಿಗೆ ಮೀನಿಗಿಂತ ಹತ್ತಿರದ್ದು ಇನ್ನೇನಿದ್ದೀತು? ನೀರು ಆವಿಯಾಗುವ ಪಾಠಕ್ಕೆಂದು ಬೆರಳುದ್ದದ ಡಗಾ ಮೀನನ್ನು ಬುಟ್ಟಿ ತುಂಬ ತಂದು ಮೇಜಿನ ಮೇಲಿಟ್ಟಳು.

"ಅಯ್ಯೋ, ಇಲ್ಲೂ ಇದೇನಾ!" ಎಂದು ತರಗತಿಯೇ ನರಳಿತು.

"ಮುಚ್ಚಿಡಿ ಟೀಚರ್," ಎಂದ ಕಲಿಸ್ತಿ ಎಂಬ ಹುಡುಗ. "ಬೆಳಕು ಹರಿಯೋಕೆ ಮುಂಚೆಯಿಂದ ಅದನ್ನೇ ಮರಳ ಮೇಲೆ ಒಣಗಕ್ಕೆ ಹರವಿ ಹರವಿ ನಮ್ ಕಣ್ಣೂ ಮೀನಿನ ಕಣ್ಣಾಗೋಗಿದೆ."

ಲಿಯೊಕಾಡಿಯಾ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಅವಳಿಗೂ ನಿದ್ದೆ ಸಾಲದು. ಇರುಳೆಲ್ಲ ದೋಣಿಗಳ ದೀಪ ನೋಡುತ್ತ ಈ ಪಾಠವನ್ನು ಹೆಣೆದಿದ್ದಳು. "ಮತ್ತಿನ್ನೇನು ಬೇಕ್ರೋ ನಿಮಗೆ?" ಎಂದಳು, ಅರ್ಧ ಸಿಟ್ಟು, ಅರ್ಧ ಸೋಲು.

"ನಿದ್ದೆ!" ಎಂದು ಒಬ್ಬ ಹುಡುಗ ಕೂಗಿದ.

ಎಲ್ಲರೂ ನಕ್ಕರು. ಡೆಸ್ಕಿಗೆ ಕೆನ್ನೆಯಿಟ್ಟಿದ್ದ ಒಡಿಲಿಯಾ ಮಾತ್ರ ನಗಲಿಲ್ಲ. "ಟೀಚರ್, ಮೀನು ಬೇಗ ಒಣಗೋ ಹಾಗೆ ಮಾಡಕ್ಕಾಗತ್ತಾ? ಒಣಗೋವರೆಗೂ ಸೋದರತ್ತೆ ಮಲಗಕ್ಕೆ ಬಿಡಲ್ಲ. ಕಾಗೆ ಓಡಿಸ್ತಾ ಕೂತಿರಬೇಕು."

ಬರೆದು ತಂದ ಪಾಠ ಅಲ್ಲೇ ಉಳಿಯಿತು. ಲಿಯೊಕಾಡಿಯಾ ಚೀಲದಿಂದ ಅಮ್ಮ ಕೊಟ್ಟ ಹೊಸ ಖಾಂಗಾ ತೆಗೆದಳು. ಖಾಂಗಾ ಎಂದರೆ ಹೆಂಗಸರು ಉಡುವ ಜೋಡಿ ಬಟ್ಟೆ, ಬಣ್ಣ ಅಳತೆ ಎಲ್ಲ ಅಚ್ಚೊತ್ತಿದ ಹಾಗೆ ಒಂದೇ. ಬಟ್ಟೆ ಎಲ್ಲಿ ಬೇಗ ಒಣಗುತ್ತದೋ ನೋಡೋಣ ಎಂದು ಎರಡನ್ನೂ ನೆನೆಸಿ, ಹಿಂಡಿ, ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದಳು. ಒಂದನ್ನು ಮರಳಿನ ಮೇಲೆ ಹಾಸಿದರು, ಇನ್ನೊಂದನ್ನು ಹಗ್ಗದ ಮೇಲೆ ಗಾಳಿಗೆ ಹರವಿದರು.

"ಮರಳು ಕಾದ ಹೆಂಚಾಗಿದೆ. ಅದೇ ಮೊದಲು ಒಣಗೋದು!" ಕಲಿಸ್ತಿ ಪಂಥ ಕಟ್ಟಿದ.

"ನಿನ್ ತಲೆ! ಗಾಳಿಗೆ ಎರಡು ಬಾಯಿ ಕಣೋ, ಎರಡೂ ಕಡೆಯಿಂದ ಕುಡಿಯತ್ತೆ," ಎಂದಳು ಒಡಿಲಿಯಾ.

ಕಾಯಬೇಕಿತ್ತು. ಮಾವಿನ ನೆರಳು ತಣ್ಣಗಿತ್ತು. ಒಬ್ಬರ ಭುಜಕ್ಕೆ ಒಬ್ಬರು ಒರಗಿ, ಒಂದೊಂದೇ ತಲೆ ವಾಲಿ, ಗಾಳಿಗೆ ಬಾಗಿದ ಪೈರಿನಂತೆ ತರಗತಿಯೆಲ್ಲ ಮಲಗಿಬಿಟ್ಟಿತು. ಎಬ್ಬಿಸಲು ಲಿಯೊಕಾಡಿಯಾಳಿಗೆ ಮನಸ್ಸೂ ಇರಲಿಲ್ಲ, ಶಕ್ತಿಯೂ ಇರಲಿಲ್ಲ.

"ಏನ್ರೀ ಟೀಚರೇ, ಇದು ಶಾಲೆಯೋ ತೊಟ್ಟಿಲೋ?" ಮಗೇಸ ತಗ್ಗಿದ ದನಿಯಲ್ಲೇ ಕೇಳಿದರು. "ಮಕ್ಕಳು ಮಲಗಿದ್ರು ಅಂತ ಬರೀಬೇಕಾಗತ್ತೆ ನಾನು."

"ಬರೀರಿ ಸಾರ್. ಸುಳ್ಳೇನಲ್ವಲ್ಲ."

ಯಾರೂ ಕರೆಯದೆ ಮೊದಲು ಎದ್ದವಳು ಒಡಿಲಿಯಾ. ಕಣ್ಣುಜ್ಜಿಕೊಂಡು ಹೋಗಿ ಹಗ್ಗದ ಬಟ್ಟೆ ಮುಟ್ಟಿದಳು, ಕೆನ್ನೆಗೊತ್ತಿಕೊಂಡಳು, ಪೂರ್ತಿ ಒಣಗಿತ್ತು. ಮರಳಿನದನ್ನು ಮಗುಚಿದಳು, ಅಡಿ ಇನ್ನೂ ತೇವ, ಮೈಯೆಲ್ಲ ಮರಳು. "ಏಯ್ ಕಲಿಸ್ತಿ, ಏಳೋ! ಸೋತೆ!" ಎಂದು ಕಿರುಚಿದಳು. ಮಕ್ಕಳು ದಡಬಡಿಸಿ ಎದ್ದು ಬಟ್ಟೆಗೆ ಮುತ್ತಿಕೊಂಡರು.

ಮಗೇಸ ಎರಡೂ ಬಟ್ಟೆಗಳನ್ನು ತಾವೇ ಮುಟ್ಟಿ ನೋಡಿದರು. ದೋಣಿ ಹತ್ತುವ ಮುಂಚೆ, "ಖಾಯಂ ಅಂತ ಬರೆಯೋಕೆ ನನ್ನ ಕೈಯಲ್ಲಿ ಆಗಲ್ಲಮ್ಮ," ಎಂದರು. "ಬೇಡ ಅಂತ ಬರೆಯೋಕೂ ಆಗಲಿಲ್ಲ. ಇನ್ನೊಂದು ಟರ್ಮ್ ನೋಡೋಣ."

ಅಳಬೇಕೋ ನಗಬೇಕೋ ತಿಳಿಯದೆ ಲಿಯೊಕಾಡಿಯಾ ಮರದ ಬೇರಿನ ಮೇಲೆ ಕುಕ್ಕರಿಸಿದಳು. ಒಡಿಲಿಯಾ ಬಂದು ಒತ್ತಿಕೊಂಡು ಕೂತಳು.

"ಟೀಚರ್, ಹಗ್ಗದ ಮೇಲೆ ಮೀನು ನಿಲ್ಲಲ್ವಲ್ಲ. ಹಳೇ ಬಲೆ ಎತ್ತರಕ್ಕೆ ಕಟ್ಟಿ ಅದರ ಮೇಲೆ ಹರವಿದ್ರೆ?"

"ಗೊತ್ತಿಲ್ಲ ಮಗಳೇ. ಕಟ್ಟಿ ನೋಡಬೇಕು."

"ನೀವಿರ್ತೀರಲ್ಲ?"

"ಇನ್ನೊಂದು ಟರ್ಮ್ ಇರ್ತೀನಂತೆ," ಎಂದು ಲಿಯೊಕಾಡಿಯಾ ಮರಕ್ಕೊರಗಿ ಕಣ್ಣು ಮುಚ್ಚಿದಳು.